ಕಲ್ಲಿನ ಮೇಲಿನ ವಿನಾಯಿತಿ, ಜೇಬಿನೊಳಗಿನ ವಿನಾಯಿತಿ

ಬಳ್ಳಾರಿ, ಸಿರುಗುಪ್ಪ ದಾಟಿ ಉತ್ತರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 150-ಎ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಂದೇ ಎಳೆಯಲ್ಲಿ ಪೋಣಿಸಿಕೊಂಡು ಸುರಪುರದ ಕಡೆ ಹೋಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮೇಲೆ ಭತ್ತದ ಸೀಮೆಯಾದ ಸಿಂಧನೂರಿನ ಲಾರಿಗಳು, ಹಟ್ಟಿ ಚಿನ್ನದ ಗಣಿ ಕಡೆಯ ಬಸ್ಸುಗಳು, ಕೂಲಿಯಾಳುಗಳನ್ನು ತುಂಬಿಕೊಂಡ ಟಂಟಂಗಳು, ಲೆಕ್ಕವಿಲ್ಲದಷ್ಟು ಬೈಕುಗಳು ಈ ರಸ್ತೆಯ ನಿತ್ಯದ ನೋಟ.

ಇಲ್ಲಿಯೇ ಎಂದಲ್ಲ, ರಾಜ್ಯದ ಯಾವ ರಸ್ತೆಯಲ್ಲಾದರೂ ಪೊಲೀಸರು ಕೈ ಅಡ್ಡ ಮಾಡಿದಾಗ ಸವಾರರಲ್ಲಿ ಎರಡು ಪಂಗಡಗಳಾಗುತ್ತವೆ. ಒಬ್ಬ ಜೇಬಿಗೆ ಕೈ ಹಾಕಿ ಲೈಸೆನ್ಸ್ ಹುಡುಕುತ್ತಾನೆ. ಇನ್ನೊಬ್ಬ ಅದೇ ಜೇಬಿಗೆ ಕೈ ಹಾಕಿ ಮೊಬೈಲ್ ಹುಡುಕುತ್ತಾನೆ. 'ಸಾಹೇಬ್ರು ಮಾತಾಡ್ತಾರಂತ್ರಿ, ತಗೋರಿ' ಎಂಬ ಒಂದು ಮಾತಿಗೆ ದಂಡದ ರಸೀದಿ ಪುಸ್ತಕ ಮುಚ್ಚಿಕೊಳ್ಳುವುದನ್ನು ನೋಡದವರು ಕಡಿಮೆ. ಮೊಬೈಲ್ ಇಲ್ಲದ ಕಾಲದಲ್ಲಿ ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ ಬರೆದ ಎರಡು ಸಾಲು ಈ ಕೆಲಸ ಮಾಡುತ್ತಿತ್ತು. ಗಾಜಿನ ಮೇಲೆ ಅಂಟಿಸಿದ ಇಲಾಖೆಯ ಹೆಸರೋ ಸಂಘಟನೆಯ ಹೆಸರೋ ಅದೇ ಕೆಲಸವನ್ನು ಮಾತಿಲ್ಲದೆ ಮಾಡುತ್ತದೆ.

ಇದನ್ನು ನಮ್ಮ ದೇಶದ ರೋಗವೆಂದು ಹೇಳಿ ಕೈ ತೊಳೆದುಕೊಳ್ಳುವವರಿದ್ದಾರೆ. ಇದು ಇತ್ತೀಚಿನ ಕೆಡುಕು ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ನಮ್ಮಲ್ಲಿ ಬಾಯಿಮಾತಿನಲ್ಲಿ ನಡೆಯುವುದು ಅಮೆರಿಕದಲ್ಲಿ ಅಚ್ಚಾದ ಕಾರ್ಡಿನ ರೂಪದಲ್ಲಿಯೇ ಇದೆ. ಇನ್ನು ಇದರ ವಯಸ್ಸನ್ನು ಹುಡುಕಹೊರಟರೆ ಮೋಟಾರು ಗಾಡಿ ಹುಟ್ಟುವುದಕ್ಕಿಂತ ನೂರೈವತ್ತು ವರ್ಷ ಹಿಂದಕ್ಕೆ, ಬಂಗಾಳದ ನದಿಗಳ ಮೇಲಿನ ದೋಣಿಗಳವರೆಗೆ ಹೋಗಬೇಕಾಗುತ್ತದೆ.

ನ್ಯೂಯಾರ್ಕಿನ ಸೌಜನ್ಯದ ಕಾರ್ಡು

ನ್ಯೂಯಾರ್ಕ್ ನಗರದ ಪೊಲೀಸರ ಸಂಘವಾದ ಪೊಲೀಸ್ ಬೆನೆವೊಲೆಂಟ್ ಅಸೋಸಿಯೇಷನ್ ತನ್ನ ಸದಸ್ಯರಿಗೆ ಪ್ಲಾಸ್ಟಿಕ್ ಕಾರ್ಡುಗಳನ್ನು ಕೊಡುತ್ತದೆ. ಸದಸ್ಯರು ಅವನ್ನು ಬಂಧುಬಳಗಕ್ಕೆ, ಸ್ನೇಹಿತರಿಗೆ ಹಂಚುತ್ತಾರೆ. ಕಾನೂನಿನಲ್ಲಿ ಈ ಕಾರ್ಡಿಗೆ ಕವಡೆ ಕಾಸಿನ ಬೆಲೆಯಿಲ್ಲ. ಆದರೆ ವೇಗದ ಮಿತಿ ಮೀರಿ ಸಿಕ್ಕಿಬಿದ್ದವರು ಲೈಸೆನ್ಸ್ ಜೊತೆಗೆ ಈ ಕಾರ್ಡನ್ನೂ ಚಾಚಿದರೆ ಬಹಳ ಸಲ ಎಚ್ಚರಿಕೆಯ ಮಾತಿನಲ್ಲೇ ಮುಗಿದುಹೋಗುತ್ತದೆ. ಇದಕ್ಕೆ ಅಲ್ಲಿನವರು ಇಟ್ಟ ಹೆಸರು 'ಸೌಜನ್ಯದ ಕಾರ್ಡು'.

2018ರಲ್ಲಿ ಸಂಘವು ಸೇವೆಯಲ್ಲಿರುವ ಸಿಬ್ಬಂದಿಗೆ ಕೊಡುವ ಕಾರ್ಡುಗಳ ಗರಿಷ್ಠ ಸಂಖ್ಯೆಯನ್ನು 30ರಿಂದ 20ಕ್ಕೂ ನಿವೃತ್ತರಿಗೆ 20ರಿಂದ 10ಕ್ಕೂ ಇಳಿಸಿತು. ಕಾರ್ಡುಗಳು ಅಂತರ್ಜಾಲದ ಸಂತೆಯಲ್ಲಿ ಮಾರಾಟಕ್ಕೆ ಬಂದಿದ್ದವೆಂಬ ಸುದ್ದಿಯೂ ಆಗ ಹೊರಬಿತ್ತು. ಸೌಜನ್ಯವು ಸರಕಾಗಿತ್ತು.

2023ರಲ್ಲಿ ಮ್ಯಾಥ್ಯೂ ಬಿಯಾಂಕಿ ಎಂಬ ಸಂಚಾರ ಪೊಲೀಸ್ ಅಧಿಕಾರಿ ಇದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಕಾರ್ಡು ತೋರಿಸಿದವರಿಗೂ ದಂಡ ಹಾಕಿದ್ದಕ್ಕೆ ಮೇಲಧಿಕಾರಿಗಳ ಕೋಪಕ್ಕೆ ಗುರಿಯಾಗಬೇಕಾಯಿತು, ಕೊನೆಗೆ ಇಲಾಖೆಯ ಉನ್ನತ ಅಧಿಕಾರಿಯೊಬ್ಬರ ಪರಿಚಿತರಿಗೆ ದಂಡ ಹಾಕಿದ ಮೇಲೆ ಸಂಚಾರ ವಿಭಾಗದಿಂದಲೇ ಎತ್ತಂಗಡಿಯಾಯಿತು ಎಂಬುದು ಅವರ ದೂರು. ಊಟದ ಬಿಲ್ಲಿನಲ್ಲಿ ರಿಯಾಯಿತಿ, ಮನೆ ರಿಪೇರಿಯ ಕೂಲಿಯಲ್ಲಿ ಸೋಡಿ ಸಿಗುವುದಕ್ಕೂ ಕಾರ್ಡು ಹಂಚುವುದುಂಟು ಎಂದೂ ಅವರು ಹೇಳಿದರು. 2024ರಲ್ಲಿ ನಗರಾಡಳಿತ 1,75,000 ಡಾಲರ್ ಕೊಟ್ಟು ಮೊಕದ್ದಮೆಯನ್ನು ರಾಜಿಯಲ್ಲಿ ಮುಗಿಸಿತು. ಅಧಿಕಾರಿಗೆ ಪರಿಹಾರ ಸಿಕ್ಕಿತು. ಆದರೆ ಕಾರ್ಡು ರದ್ದಾಗಲಿಲ್ಲ.

ದಾರಿ ಕಾಯುವವನ ಭಾಷೆ

ಹೈದರಾಬಾದ್ ಸಂಸ್ಥಾನದಲ್ಲಿದ್ದ ರಾಯಚೂರು ಸೀಮೆಗೆ ಇಂಥ ವಿಚಾರದಲ್ಲಿ ಶಬ್ದಗಳ ಬಡತನವಿಲ್ಲ. ನಿಜಾಮರ ಕಾಲದಲ್ಲಿ ಲಿಂಗಸುಗೂರು ಒಂದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಬೇರೆ ಜಿಲ್ಲೆಗಳಿಗೆ ಸೇರಿಸಲಾಯಿತು. ಕಚೇರಿಯ ಪಾರಸಿ, ಉರ್ದು ಮಾತುಗಳು ಜನರ ಬಾಯಲ್ಲಿ ಕನ್ನಡವಾಗಿ ಕೂತವು. 'ರಾಹ್' ಎಂದರೆ ದಾರಿ, 'ರಾಹದಾರ' ಎಂದರೆ ದಾರಿ ಕಾಯುವವನು. ಅವನು ವಸೂಲು ಮಾಡುತ್ತಿದ್ದ ಸುಂಕವೇ ರಹದಾರಿ. ಇಂದಿಗೂ ಸಾರಿಗೆ ಇಲಾಖೆಯ ಕನ್ನಡದಲ್ಲಿ ವಾಹನದ ಪರ್ಮಿಟ್ಟಿಗೆ ರಹದಾರಿ ಎಂದೇ ಹೆಸರು.

ವಶೀಲಿ ಎಂಬುದು ಅರಬ್ಬೀ ಮೂಲದ 'ವಸೀಲಾ' ಶಬ್ದದಿಂದ ಬಂದದ್ದು. ಅದರ ಅರ್ಥ ಸಾಧನ, ಆಸರೆ. ಮುಲಾಜು ಎಂಬುದು 'ಮುಲಾಹಿಜಾ' ಶಬ್ದದಿಂದ ಬಂದದ್ದು. ಅದರ ಅರ್ಥ ಗಮನಿಸುವುದು, ಲಕ್ಷ್ಯವಿಡುವುದು. ಎರಡರಲ್ಲೂ ಮೂಲತಃ ಕೆಟ್ಟ ಅರ್ಥವಿಲ್ಲ. ಒಬ್ಬರನ್ನು ಗಮನಿಸುವುದೇ ಇನ್ನೊಬ್ಬರನ್ನು ಕಡೆಗಣಿಸುವುದಾದಾಗ ಶಬ್ದದ ಬಣ್ಣ ಬದಲಾಯಿತು. ಪತ್ರಿಕೆಗಳಲ್ಲಿ 'ಮುಲಾಜಿಲ್ಲದೆ ಕ್ರಮ' ಎಂದು ಸಚಿವರು ಗುಡುಗುವಾಗ, ಮುಲಾಜು ಎಂಬುದು ಇದ್ದೇ ಇರುತ್ತದೆ ಎಂಬ ಒಪ್ಪಿಗೆಯೂ ಆ ಮಾತಿನಲ್ಲೇ ಅಡಗಿರುತ್ತದೆ.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ಪಾರಸಿ ಶಬ್ದ 'ದಸ್ತಕ್'. ಭಾರತದ ಚರಿತ್ರೆಯನ್ನೇ ತಿರುಗಿಸಿದ ಕಾಗದ ಅದು.

ದಸ್ತಕ್ ಕಲಿಸಿದ ಪಾಠ

1717ರಲ್ಲಿ ಮೊಗಲ್ ಬಾದಶಹ ಫರುಕ್‌ಸಿಯರ್ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪೆನಿಗೆ ಒಂದು ಫರ್ಮಾನು ಕೊಟ್ಟ. ವರ್ಷಕ್ಕೆ 3,000 ರೂಪಾಯಿ ಕಟ್ಟಿದರೆ ಬಂಗಾಳದಲ್ಲಿ ಕಂಪೆನಿಯ ಸರಕಿಗೆ ಸುಂಕವಿಲ್ಲ ಎಂಬುದು ಅದರ ಸಾರ. ಇದು ಕಂಪೆನಿಯ ಸರಕೇ ಎಂದು ತೋರಿಸಲು ಕಲ್ಕತ್ತೆಯ ಅಧಿಕಾರಿಗಳು ಕೊಡುತ್ತಿದ್ದ ಚೀಟಿಯೇ ದಸ್ತಕ್. ಸುಂಕದ ಚೌಕಿಯಲ್ಲಿ ದಸ್ತಕ್ ತೋರಿಸಿದರೆ ದೋಣಿ ಮುಂದೆ ಸಾಗುತ್ತಿತ್ತು.

ವಿನಾಯಿತಿ ಇದ್ದದ್ದು ಕಂಪೆನಿಯ ವ್ಯಾಪಾರಕ್ಕೆ. ಕಂಪೆನಿಯ ನೌಕರರು ಅದನ್ನು ತಮ್ಮ ಸ್ವಂತ ವ್ಯಾಪಾರಕ್ಕೆ ಎಳೆದುಕೊಂಡರು. ಬಳಿಕ ತಮಗೆ ಬೇಕಾದ ದೇಶಿ ವರ್ತಕರಿಗೆ ಹಣ ಪಡೆದು ಚೀಟಿ ಕೊಡತೊಡಗಿದರು. 1757ರ ಪ್ಲಾಸಿ ಕದನದ ನಂತರ ತಡೆಯುವವರೇ ಇಲ್ಲದಂತಾಗಿ ಉಪ್ಪು, ಅಡಿಕೆ, ಹೊಗೆಸೊಪ್ಪಿನ ಒಳನಾಡಿನ ವ್ಯಾಪಾರವೂ ದಸ್ತಕ್ಕಿನ ನೆರಳಿಗೆ ಬಂತು. ಚೀಟಿ ಇಲ್ಲದ ವರ್ತಕ ಪೂರ್ತಿ ಸುಂಕ ಕಟ್ಟಿ ಸೋತ. ಚೀಟಿ ನೋಡಿಯೂ ದೋಣಿ ತಡೆದ ಚೌಕಿಯ ನೌಕರರು ಕಂಪೆನಿಯ ಗುಮಾಸ್ತರಿಂದ ಏಟು ತಿಂದರು.

ನವಾಬ ಮೀರ್ ಕಾಸಿಂ ಪದೇಪದೇ ದೂರಿದ. 1762ರಲ್ಲಿ ಗವರ್ನರ್ ವ್ಯಾನ್ಸಿಟಾರ್ಟ್ ಜೊತೆ ಮಾತುಕತೆಯಾಗಿ, ಇಂಗ್ಲಿಷರ ಖಾಸಗಿ ವ್ಯಾಪಾರಕ್ಕೆ ಶೇ 9ರಷ್ಟು ಸುಂಕ ಎಂಬ ಒಪ್ಪಂದವೂ ಆಯಿತು. ಕಲ್ಕತ್ತೆಯ ಕೌನ್ಸಿಲ್ ಅದನ್ನು ಒಪ್ಪಲಿಲ್ಲ. ಬೇಸತ್ತ ನವಾಬ 1763ರಲ್ಲಿ ಎಲ್ಲ ವರ್ತಕರಿಗೂ ಒಳನಾಡಿನ ಸುಂಕವನ್ನೇ ರದ್ದುಮಾಡಿಬಿಟ್ಟ.

ಇಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ನವಾಬನ ಈ ಹುಕುಮಿನಿಂದ ಕಂಪೆನಿಯವರ ಕೈಯಿಂದ ಒಂದು ಕಾಸೂ ಹೋಗಲಿಲ್ಲ. ಅವರು ಮೊದಲೂ ಸುಂಕ ಕಟ್ಟುತ್ತಿರಲಿಲ್ಲ, ಈಗಲೂ ಕಟ್ಟಬೇಕಿರಲಿಲ್ಲ. ಆದರೂ ಅವರು ಕೆರಳಿದರು. ಆ ವರ್ಷವೇ ಯುದ್ಧ ಶುರುವಾಯಿತು. 1764ರ ಅಕ್ಟೋಬರ್ 22ರಂದು ಬಕ್ಸಾರ್‌ನಲ್ಲಿ ಕಂಪೆನಿ ಗೆದ್ದು, ಮರುವರ್ಷ ಬಂಗಾಳದ ದಿವಾನಿಯೇ ಅದರ ಪಾಲಾಯಿತು. ದಸ್ತಕ್ಕಿನ ನಿಜವಾದ ಬೆಲೆ ಸುಂಕ ಉಳಿಸುವುದರಲ್ಲಿ ಇರಲಿಲ್ಲ, ಪಕ್ಕದವನ ಬಳಿ ಅದು ಇಲ್ಲದಿರುವುದರಲ್ಲಿ ಇತ್ತು. ನ್ಯೂಯಾರ್ಕಿನ ಕಾರ್ಡಿಗೂ ನಮ್ಮ ಸಾಹೇಬರ ಫೋನಿಗೂ ಈ ಮಾತು ಅಷ್ಟೇ ಅನ್ವಯ.

ಊರಮುಂದಿನ ಕಲ್ಲು

ಹಾಗಾದರೆ ವಿನಾಯಿತಿ ಎಂಬುದೇ ಅನ್ಯಾಯವೇ? ಅದಕ್ಕೆ ನಮ್ಮ ಶಾಸನಗಳನ್ನು ನೋಡಬೇಕು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಮೊದಲಾದ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ದೇವಾಲಯಕ್ಕೋ ಅಗ್ರಹಾರಕ್ಕೋ ಬಿಟ್ಟ ಭೂಮಿಗೆ ತೆರಿಗೆ ಮಾಫಿ ಮಾಡಿದ್ದು, ಇಂತಿಷ್ಟು ಎತ್ತಿನ ಹೇರಿಗೆ ಸುಂಕ ಬಿಟ್ಟದ್ದು ಅವುಗಳಲ್ಲಿ ದಾಖಲಾಗಿದೆ. ಕೊಟ್ಟವರು ಯಾರು, ಪಡೆದವರು ಯಾರು, ಎಷ್ಟು, ಯಾವ ದಿನ ಎಂಬುದೆಲ್ಲವನ್ನೂ ಕಲ್ಲಿನ ಮೇಲೆ ಕೊರೆದು ಊರ ಎದುರಿಗೆ ನಿಲ್ಲಿಸುತ್ತಿದ್ದರು. ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪವೆಂಬ ಶಾಪವೂ ಕೊನೆಯಲ್ಲಿ ಇರುತ್ತಿತ್ತು.

ಅದು ಸಮಾನತೆಯ ಕಾಲವೇನೂ ಅಲ್ಲ. ಉಳ್ಳವರಿಗೆ, ಮೇಲು ಜಾತಿಯವರಿಗೆ ಸಿಕ್ಕ ಮಾನ್ಯಗಳೇ ಹೆಚ್ಚು. ಆದರೂ ಕಲ್ಲಿನ ಮೇಲೆ ಬರೆದ ವಿನಾಯಿತಿಗೆ ಒಂದು ಎಲ್ಲೆಯಿತ್ತು. ಐವತ್ತು ಹೇರು ಎಂದು ಬರೆದಿದ್ದರೆ ಐವತ್ತೊಂದನೆಯ ಹೇರಿಗೆ ಸುಂಕ ಕೇಳಬಹುದಿತ್ತು. ಜೇಬಿನೊಳಗಿನ ವಿನಾಯಿತಿಗೆ ಅಂಥ ಎಲ್ಲೆಯಿಲ್ಲ. ಅದು ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಅವನ ಗೆಳೆಯನಿಗೆ ಹರಿಯುತ್ತಲೇ ಹೋಗುತ್ತದೆ.

ಇಂದಿನ ಕಾನೂನಿನಲ್ಲೂ ಕಲ್ಲಿನ ಜಾತಿಯ ವಿನಾಯಿತಿಗಳಿವೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪೇಟ ಧರಿಸಿದ ಸಿಖ್ಖರಿಗೆ ಹೆಲ್ಮೆಟ್ ಕಡ್ಡಾಯ ಮಾಡಿಲ್ಲ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿವರೆಗೆ ದಂಡ ಹಾಕಬಹುದು. 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50ರ ರಿಯಾಯಿತಿ ಘೋಷಿಸಿದಾಗ ಜನ ಸಾಲುಗಟ್ಟಿ ಕಟ್ಟಿದರು. ಅದು ಸರಿಯೇ ತಪ್ಪೇ ಎಂದು ವಾದಿಸಬಹುದು, ಆದರೆ ಅದು ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗೂ ಸಿಕ್ಕಿತು. ವಾದಿಸುವುದಕ್ಕೆ ಅವಕಾಶವಿರುವುದೇ ಬಹಿರಂಗ ವಿನಾಯಿತಿಯ ಗುಣ.

ಕೆಂಪು ದೀಪ ಹೋಯಿತು, ಬೋರ್ಡು ಬಂತು

ಸ್ವತಂತ್ರ ಭಾರತದಲ್ಲಿ ರಸ್ತೆಯ ಮೇಲಿನ ದೊಡ್ಡಸ್ತಿಕೆಗೆ ಗುರುತಾಗಿದ್ದದ್ದು ಕೆಂಪು ದೀಪ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮ, ಯಾರ ಕಾರಿಗೆ ದೀಪ ಎಂದು ಪಟ್ಟಿ ಮಾಡುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟಿತ್ತು. ಪಟ್ಟಿ ಬೆಳೆಯುತ್ತಲೇ ಹೋಯಿತು. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನಬದ್ಧ ಉನ್ನತ ಹುದ್ದೆಗಳಿಗಷ್ಟೇ ಕೆಂಪು ದೀಪ ಎಂದು ಕಡಿವಾಣ ಹಾಕಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಗಣ್ಯರ ಕಾರುಗಳ ಮೇಲಿನ ದೀಪವನ್ನೇ ತೆಗೆಸಿತು. ದೀಪ ಇಳಿಯಿತು. ಆದರೆ ಹುದ್ದೆ ಬರೆದ ಬೋರ್ಡುಗಳು, ಗಾಜಿನ ಮೇಲಿನ ಸ್ಟಿಕ್ಕರುಗಳು ಇಳಿಯಲಿಲ್ಲ.

2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿ ದಂಡಗಳನ್ನು ಏರಿಸಿತು. ಹೆಲ್ಮೆಟ್ ಇಲ್ಲದವರಿಗೆ 1,000 ರೂಪಾಯಿ ಎಂದಾದದ್ದನ್ನು ಕರ್ನಾಟಕ ಅದೇ ತಿಂಗಳು 500ಕ್ಕೆ ಇಳಿಸಿತು. ದಂಡದ ಗದ್ದಲದಲ್ಲಿ ಹೆಚ್ಚು ಜನ ಗಮನಿಸದ ಒಂದು ಸೆಕ್ಷನ್ ಆ ತಿದ್ದುಪಡಿಯಲ್ಲಿದೆ. 210-ಬಿ ಎಂಬ ಆ ಸೆಕ್ಷನ್ ಪ್ರಕಾರ, ಕಾಯ್ದೆ ಜಾರಿ ಮಾಡುವ ಅಧಿಕಾರವುಳ್ಳವರೇ ಅದನ್ನು ಮುರಿದರೆ ದಂಡ ಇಮ್ಮಡಿ. ನ್ಯೂಯಾರ್ಕಿನ ಕಾರ್ಡಿನ ತರ್ಕಕ್ಕೆ ಇದು ಪೂರ್ತಿ ವಿರುದ್ಧ. ಅಲ್ಲಿ ಪೊಲೀಸರ ನಂಟು ರಿಯಾಯಿತಿಗೆ ದಾರಿ, ಇಲ್ಲಿನ ಕಾನೂನಿನಲ್ಲಿ ಪೊಲೀಸ್ ಆಗಿರುವುದೇ ಹೆಚ್ಚಿನ ಹೊಣೆ. ಕಾಗದದ ಮೇಲಾದರೂ ನಾವು ಮುಂದಿದ್ದೇವೆ.

ಬೆಲೆ ತೆರುವವರು ಯಾರು?

ಬಿಟ್ಟುಕಳಿಸಿದ ಒಂದು ಕೇಸಿನಿಂದ ಸರ್ಕಾರಕ್ಕೆ ಆಗುವ ನಷ್ಟ ಐನೂರು ರೂಪಾಯಿ ಇರಬಹುದು. ನಿಜವಾದ ಬೆಲೆ ತೆರುವವರು ಬೇರೆ. ಮೊದಲನೆಯವನು ಫೋನ್ ಮಾಡಲು ಯಾರೂ ಇಲ್ಲದವನು. ಗದ್ದೆ ಕೆಲಸದ ಕೂಲಿಯವನಿಗೆ ಐನೂರು ಎಂದರೆ ಒಂದು ದಿನದ ದುಡಿಮೆ. ಅವನು ತಪ್ಪು ಮಾಡಿಲ್ಲವೆಂದಲ್ಲ. ಪಕ್ಕದಲ್ಲೇ ಅದೇ ತಪ್ಪು ಮಾಡಿದವನು ನಕ್ಕು ಗಾಡಿ ಚಾಲೂ ಮಾಡಿದಾಗ, ಇದು ಕಾನೂನಲ್ಲ, ತನ್ನ ಬಡತನಕ್ಕೆ ಹಾಕಿದ ದಂಡ ಎಂದು ಅವನಿಗೆ ಅನ್ನಿಸಿದರೆ ತಪ್ಪೇನು?

ಎರಡನೆಯವನು ಬಿಸಿಲಲ್ಲಿ ನಿಂತ ಪೇದೆ. ಫೋನ್ ತೆಗೆದುಕೊಳ್ಳದಿದ್ದರೆ ವರ್ಗಾವಣೆಯ ಭಯ. ತೆಗೆದುಕೊಂಡರೆ ನೆರೆದವರ ಕಣ್ಣಲ್ಲಿ ಸಣ್ಣವನಾಗುವ ಸಂಕಟ. 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರ ವರ್ಗಾವಣೆಗೆ ಸಿಬ್ಬಂದಿ ಮಂಡಳಿ ಇರಬೇಕೆಂದು ಹೇಳಿದ್ದು ಈ ಭಯವನ್ನು ಕಡಿಮೆ ಮಾಡಲೆಂದೇ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅದಕ್ಕೆ ಅವಕಾಶ ಮಾಡಿತು. ಮೇಲಿನಿಂದ ಬರುವ ಫೋನು ನಿಲ್ಲದೆ ಕೆಳಗಿನವನಿಂದ ಮುಲಾಜಿಲ್ಲದ ಕ್ರಮ ನಿರೀಕ್ಷಿಸುವುದು ನ್ಯಾಯವಲ್ಲ.

ಮೂರನೆಯವನು ಬಿಡಿಸಿಕೊಂಡು ಹೋದವನೇ. ಹೆಲ್ಮೆಟ್ ಇಲ್ಲದೆ ಪಾರಾದವನಿಗೆ ಮುಂದಿನ ತಿರುವಿನಲ್ಲಿ ಎದುರಾಗುವ ಲಾರಿ ಯಾವ ಸಾಹೇಬರ ಫೋನನ್ನೂ ಎತ್ತುವುದಿಲ್ಲ.

ಮಸ್ಕಿಯ ಬಂಡೆ ಹೇಳುವುದು

1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ನಿಕ್ಷೇಪ ಹುಡುಕುತ್ತ ಬಂದು ಮಸ್ಕಿಯ ಗುಡ್ಡದಲ್ಲಿ ಬ್ರಾಹ್ಮಿ ಲಿಪಿಯ ಶಾಸನವೊಂದನ್ನು ಕಂಡರು. ಅದುವರೆಗೆ 'ದೇವಾನಾಂಪ್ರಿಯ' ಎಂಬ ಬಿರುದಿನಿಂದಷ್ಟೇ ಶಾಸನಗಳಲ್ಲಿ ಕಾಣುತ್ತಿದ್ದ ದೊರೆಯ ಜೊತೆಗೆ ಅಶೋಕ ಎಂಬ ಹೆಸರು ಅಲ್ಲಿ ಸಿಕ್ಕಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಆ ಹೆಸರು ಸಿಕ್ಕಿದ್ದು ಅನಂತರ. ಮಸ್ಕಿಗೆ ಖ್ಯಾತಿ ತಂದದ್ದು ಈ ಹೆಸರು. ಆದರೆ ಶಾಸನ ಹೇಳುವ ವಿಷಯಕ್ಕೂ ಅಷ್ಟೇ ತೂಕವಿದೆ. ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬಾರದು, ಶ್ರದ್ಧೆಯಿಂದ ನಡೆದರೆ ಸಣ್ಣವನಿಗೂ ದಕ್ಕುತ್ತದೆ, ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಅದರ ತಾತ್ಪರ್ಯ.

ಅಶೋಕ ಹೇಳಿದ್ದು ಧರ್ಮದ ಮಾತು, ಸಂಚಾರ ನಿಯಮವಲ್ಲ. ಆದರೆ ಒಂದೇ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಕೇಳುವಂತೆ ಹೇಳಬೇಕು, ಅದನ್ನು ಎಲ್ಲರೂ ಓದುವ ಜಾಗದಲ್ಲಿ ಬರೆಯಬೇಕು ಎಂಬ ವಿವೇಕ ರಸ್ತೆಗೂ ಸಲ್ಲುತ್ತದೆ. ಕೊಡುವ ಯಾವುದೇ ರಿಯಾಯಿತಿಗೆ ಒಂದು ಸುಲಭದ ಪರೀಕ್ಷೆಯಿದೆ. ಅದನ್ನು ಠಾಣೆಯ ಮುಂದಿನ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲು ಸಾಧ್ಯವೇ? ಆಂಬುಲೆನ್ಸಿಗೆ ದಾರಿ ಬಿಡಿ ಎಂದು ಬರೆಯಬಹುದು. ಸಾಹೇಬರ ಅಳಿಯನಿಗೆ ದಂಡವಿಲ್ಲ ಎಂದು ಬರೆಯಲು ಯಾವ ಸಾಹೇಬರೂ ಒಪ್ಪಲಾರರು.