ಕುದುರೆಗೆ ಮೊದಲು, ಎತ್ತಿಗೆ ಕೊನೆಗೆ: ಪರೇಲಿನ ದನದ ಆಸ್ಪತ್ರೆಯ ಕಥೆ

2022ರ ಮಳೆಗಾಲ ಮುಗಿಯೋ ಹೊತ್ತಿಗೆ ಹಾವೇರಿ ಹತ್ತಿರದ ನಮ್ಮೂರಿಂದ ಅಪ್ಪನ ಫೋನ್ ಬಂತು. ನಾನು ಪೊವಾಯಿಯ ಆಫೀಸಿನಲ್ಲಿ, ಬೆಳಗಿನ ಮೀಟಿಂಗ್‌ನಲ್ಲಿದ್ದೆ. "ಬಿಳೇ ಎತ್ತಿನ ಮೈಮ್ಯಾಲ ಗಂಟು ಎದ್ದಾವಪಾ. ಮೇವು ಮುಟ್ಟವಲ್ದು" ಅಂದ್ರು. ಚರ್ಮಗಂಟು ರೋಗ. ಲಸಿಕೆ ಇರಲಿಲ್ಲ ಅಂತಲ್ಲ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೂ ಹಾಕ್ತಿದ್ರು. ನಮ್ಮ ಓಣಿಗೆ ಅದು ಬಂದದ್ದು ಎತ್ತು ಸತ್ತ ನಾಲ್ಕನೇ ದಿನ.

ಮದ್ದು ಇರೋದು ಬೇರೆ, ಅದು ಕೊಟ್ಟಿಗೆಗೆ ಮುಟ್ಟೋದು ಬೇರೆ. ಈ ಅಂತರ ಎಷ್ಟು ಹಳೇದು ಅಂತ ಹುಡುಕ್ತಾ ಹೋದೆ. ಸಿಕ್ಕ ಕಥೆ ಇದೇ ಮುಂಬೈನದು, ವಿಕ್ಟೋರಿಯಾ ರಾಣಿಯ ಕಾಲದ್ದು. ನಮಗೂ ಸಂಬಂಧ ಇದೆ: ಆಗ ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲಾ ಬಾಂಬೆ ಪ್ರೆಸಿಡೆನ್ಸಿಯೊಳಗೇ ಇದ್ದವು.

ಟ್ರಾಮ್ ಎಳೆದ ಕುದುರೆಗಳು

1874ರ ಮೇ 9ರಂದು ಮುಂಬೈನಲ್ಲಿ ಟ್ರಾಮ್ ಶುರುವಾಯ್ತು. ಕರೆಂಟಿನದಲ್ಲ, ಕುದುರೆ ಎಳೆಯೋದು. ಕೊಲಾಬಾದಿಂದ ಪಾಯಧುಣಿಗೆ ಒಂದು ದಾರಿ, ಬೋರಿಬಂದರಿನಿಂದ ಪಾಯಧುಣಿಗೆ ಇನ್ನೊಂದು. ಕಂಪನಿಯ ಲಾಯದಲ್ಲಿ ಸುಮಾರು 900 ಕುದುರೆ ಇದ್ದವಂತೆ. ಇದರ ಮೇಲೆ ಸೇನೆಯ ಕುದುರೆ, ಸಾಹೇಬರ ಸಾರೋಟಿನ ಕುದುರೆ, ಅರಬ್ ದೇಶದಿಂದಲೂ ಆಸ್ಟ್ರೇಲಿಯಾದಿಂದಲೂ ಹಡಗಿನಲ್ಲಿ ಬಂದಿಳಿಯೋ ಕುದುರೆ.

ಕುದುರೆಗೆ ಬರೋ ಗ್ಲ್ಯಾಂಡರ್ಸ್ ಅನ್ನೋ ರೋಗ ಇದೆ. ಮೂಗಿನಲ್ಲಿ ಹುಣ್ಣು, ಕೀವು. ಮನುಷ್ಯರಿಗೂ ಅಂಟಿ ಕೊಲ್ಲುತ್ತೆ. ಇದಕ್ಕೆ ಸರ್ಕಾರ 1879ರಲ್ಲೇ ಕಾನೂನು ತಂತು. ರೋಗದ ಕುದುರೆಯನ್ನು ಹಿಡಿದು ಪರೀಕ್ಷಿಸೋ, ಖಚಿತವಾದರೆ ಕೊಲ್ಲೋ ಅಧಿಕಾರ ಅದರಲ್ಲಿತ್ತು. ಕುದುರೆ ಸತ್ತರೆ ಯಾರದೋ ಲೆಕ್ಕದ ಪುಸ್ತಕದಲ್ಲಿ ನಷ್ಟ ಕಾಣುತ್ತೆ. ಸೇನೆ ನಿಲ್ಲುತ್ತೆ, ಟ್ರಾಮ್ ನಿಲ್ಲುತ್ತೆ. ನಮ್ಮ ಭಾಷೇಲಿ ಹೇಳೋದಾದರೆ ಅದು ಪಿ-1 ಟಿಕೆಟ್.

ದೊಡ್ಡ ರೋಗ

ಎತ್ತಿನ ಟಿಕೆಟ್ ಎಲ್ಲಿತ್ತು? ನಮ್ಮಜ್ಜಿ ಹಗ್ಗ ಹರ್ಕೊಂಡು ಓಡೋ ಕರುವಿಗೆ "ನಿನಗ ದೊಡ್ಡರೋಗ ಬರ್ಲಿ" ಅಂತ ಬೈತಿದ್ಲು. ಅದು ಬರೀ ಬೈಗುಳ ಅಂದ್ಕೊಂಡಿದ್ದೆ. ದೊಡ್ಡರೋಗ ಅಂದ್ರೆ ರಿಂಡರ್‌ಪೆಸ್ಟ್. ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಮೂಗಲ್ಲಿ ಸೋರಿಕೆ, ರಕ್ತಭೇದಿ. ವಾರ ಹತ್ತು ದಿನದಲ್ಲಿ ಕಥೆ ಮುಗೀತು. ರೋಗವನ್ನು ಹಿಂದೆ ಕಂಡಿರದ ಹಿಂಡಾದರೆ ಹತ್ತರಲ್ಲಿ ಎಂಟೊಂಬತ್ತು ಸಾಯ್ತಿದ್ದವು.

1865ರಲ್ಲಿ ಇದು ಹಡಗು ಹತ್ತಿ ಇಂಗ್ಲೆಂಡಿಗೂ ಹೋಯ್ತು. ಅಲ್ಲಿ ಮರುವರ್ಷವೇ ಕಾನೂನು ಬಂತು: ರೋಗದ ದನ ಕೊಲ್ಲಿ, ಸಾಗಾಟ ನಿಲ್ಲಿಸಿ. ರೋಗ ನಿಂತಿತು. ಭಾರತದಲ್ಲೂ ಹ್ಯಾಲೆನ್ ಅನ್ನೋ ಸೇನಾ ಪಶುವೈದ್ಯರ ಅಧ್ಯಕ್ಷತೆಯಲ್ಲಿ ಆಯೋಗ ಕೂತು, ಇಲ್ಲಿಯದೂ ಅದೇ ರೋಗ ಅಂತ 1871ರಲ್ಲಿ ವರದಿ ಕೊಟ್ಟಿತು. ಆದರೆ ಇಲ್ಲಿ ಹಸು ಎತ್ತು ಕೊಲ್ಲೋ ಕಾನೂನು ಯಾರು ತರ್ತಾರೆ? ಬೀದಿನಾಯಿ ಕೊಲ್ಲಲು ಹೋಗಿದ್ದಕ್ಕೇ 1832ರಲ್ಲಿ ಮುಂಬೈನ ಪಾರ್ಸಿಗಳು ಬೀದಿಗಿಳಿದು, ಊರೇ ಬಂದ್ ಆಗಿತ್ತು. ಆ ಗಲಾಟೆಯ ಬೆನ್ನಿಗೆ, 1834ರಲ್ಲಿ, ಜಮ್‌ಶೆಟ್‌ಜಿ ಜೀಜೀಭಾಯ್ ಮತ್ತು ಮೋತಿಶಾ ಸೇರಿ ಭುಲೇಶ್ವರದ ಹತ್ತಿರ ಪಾಂಜರಾಪೋಳ ಕಟ್ಟಿಸಿದರು. ಇಂದಿಗೂ ಆ ಹೆಸರಿನ ಗಲ್ಲಿ ಅಲ್ಲಿದೆ.

ಪಾಂಜರಾಪೋಳ ಅಂದ್ರೆ ಆಶ್ರಯ. ಅಲ್ಲಿ ಮೇವಿದೆ, ನೀರಿದೆ, ಕರುಣೆ ಇದೆ. ಆದರೆ ಅಂಟುರೋಗಕ್ಕೆ ಕರುಣೆ ಒಂದೇ ಸಾಲದು. ಮುದಿ ಎತ್ತು, ಗಾಯದ ಎತ್ತು, ಜ್ವರದ ಎತ್ತು ಎಲ್ಲಾ ಒಂದೇ ದೊಡ್ಡಿಯಲ್ಲಿ ನಿಂತರೆ ಏನಾಗುತ್ತೆ ಅಂತ ಕೊರೊನಾ ನೋಡಿದ ನಮಗೆ ಹೇಳಬೇಕಾಗಿಲ್ಲ.

ಪರೇಲ್

ಈ ಎರಡರ ನಡುವಿನ ದಾರಿಯನ್ನ ಹಾಕಿಕೊಟ್ಟದ್ದು ಹತ್ತಿ ದುಡ್ಡು. ಗಿರಣಿ ಮಾಲೀಕ ಸರ್ ದಿನ್ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ 1883ರಲ್ಲಿ ಪರೇಲಿನಲ್ಲಿ ಪ್ರಾಣಿಗಳ ಆಸ್ಪತ್ರೆ ಹುಟ್ಟಿತು. ಹೆಸರು ಅವರ ಹೆಂಡತಿ ಬಾಯಿ ಸಾಕರ್‌ಬಾಯಿಯದು. 1886ರ ಆಗಸ್ಟ್ 2ರಂದು ಅದೇ ಆವರಣದಲ್ಲಿ ಬಾಂಬೆ ವೆಟರ್ನರಿ ಕಾಲೇಜು ಶುರುವಾಯ್ತು. ಮೊದಲ ಪ್ರಿನ್ಸಿಪಾಲ್ ಜಾನ್ ಹೆನ್ರಿ ಸ್ಟೀಲ್, ಸೇನೆಯ ಪಶುವೈದ್ಯ. ಐದು ವರ್ಷದಲ್ಲೇ, 1891ರಲ್ಲಿ, ತೀರಿಕೊಂಡರು.

ನನಗೆ ಇಲ್ಲಿ ಕಾಣೋದು ಇಷ್ಟು: ಪಾಠ ಬಂದದ್ದು ಸೇನೆಯ ಕುದುರೆಯಿಂದ, ಕಟ್ಟಡ ಬಂದದ್ದು ಊರಿನ ಕರುಣೆಯಿಂದ. ಆ ಗಿರಣಿಗಳ ಊರಿಗೆ ಹತ್ತಿ ಎಲ್ಲಿಂದ ಬರ್ತಿತ್ತು? ರೈಲು ಬರೋ ಮುಂಚೆ ಧಾರವಾಡ ಸೀಮೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಹಡಗಲ್ಲಿ ಮುಂಬೈಗೆ. "ಕುಮಟಾ ಹತ್ತಿ" ಅಂತಲೇ ಪೇಟೆಯಲ್ಲಿ ಹೆಸರು. ಎಳೆದದ್ದು ನಮ್ಮ ಎತ್ತುಗಳು. ಆಸ್ಪತ್ರೆ ಮಾತ್ರ ನೂರಾರು ಮೈಲಿ ಆಚೆ.

ಹೋದ ವರ್ಷ ನಮ್ಮ ಸೊಸೈಟಿ ಗೇಟಿನ ನಾಯಿಗೆ ಗಾಡಿ ತಾಗಿದಾಗ ಆ ಆಸ್ಪತ್ರೆಗೆ ಹೋಗಿದ್ದೆ. ನಾಯಿ, ಬೆಕ್ಕುಗಳ ಸಾಲಿನ ಆಚೆ ಒಂದು ಎತ್ತು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮೆಲುಕು ಹಾಕ್ತಾ ನಿಂತಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಪ್ರಯೋಗಾಲಯದಿಂದ ಕೊಟ್ಟಿಗೆಗೆ

ಮುಂದಿನದು ಬೇಗ ಹೇಳ್ತೀನಿ. 1889ರಲ್ಲಿ ಪುಣೆಯಲ್ಲಿ ಜಾನುವಾರು ರೋಗಗಳ ಪ್ರಯೋಗಾಲಯ ಬಂತು. ಜನವಸತಿ ನಡುವೆ ಅಪಾಯ ಅಂತ 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯ್ತು. ಅಲ್ಲೇ 1927ರಲ್ಲಿ ಎಡ್ವರ್ಡ್ಸ್ ಅನ್ನೋರು ವೈರಸ್ಸನ್ನು ಮೇಕೆಯಿಂದ ಮೇಕೆಗೆ ದಾಟಿಸಿ ದುರ್ಬಲಗೊಳಿಸಿ ದೊಡ್ಡರೋಗಕ್ಕೆ ಲಸಿಕೆ ಮಾಡಿದರು. ಮದ್ದು ಸಿಕ್ತು. ಆದರೆ ಊರೂರಿಗೆ ಹೋಗಿ ಹಾಕೋ ರಾಷ್ಟ್ರೀಯ ಯೋಜನೆ ಶುರುವಾದದ್ದು 1954ರಲ್ಲಿ. ಭಾರತದಲ್ಲಿ ಕೊನೆಯ ಪ್ರಕರಣ 1995ರಲ್ಲಿ. 2011ರಲ್ಲಿ ಇಡೀ ಜಗತ್ತು ರೋಗಮುಕ್ತ ಅಂತ ಘೋಷಣೆ ಆಯ್ತು. ಸಿಡುಬಿನ ನಂತರ ಮನುಷ್ಯ ಬೇರುಸಮೇತ ಕಿತ್ತ ಎರಡನೇ ರೋಗ ಇದು.

ಲೆಕ್ಕ ಹಾಕಿ. ಲಸಿಕೆ ಸಿಕ್ಕಮೇಲೂ ಕೊನೆಯ ಕೊಟ್ಟಿಗೆ ಮುಟ್ಟೋಕೆ 68 ವರ್ಷ. ಆ ನಡಿಗೆ ನಡೆದವರು ಐಸ್ ಡಬ್ಬಿ ಹಿಡ್ಕೊಂಡು ಸೈಕಲ್ ತುಳಿದ ದನದ ಡಾಕ್ಟರು, ಕಾಂಪೌಂಡರು. ಅವರ ಹೆಸರಿನ ಪದಕ ಯಾವುದೂ ಇಲ್ಲ.

ಅಪ್ಪ ಈಗ ಟ್ರ್ಯಾಕ್ಟರ್ ಬಾಡಿಗೆಗೆ ಕರೀತಾರೆ. ಒಂಟಿ ಎತ್ತು ಇನ್ನೂ ಕೊಟ್ಟಿಗೆಯಲ್ಲಿದೆ, ಮಾರೋಕೆ ಮನಸ್ಸಿಲ್ಲ. ಈ ಸಲ ಊರಿಗೆ ಹೋದಾಗ ನಿಮ್ಮ ಮನೆಯ ಹಿರಿಯರನ್ನ ದೊಡ್ಡರೋಗದ ಬಗ್ಗೆ ಕೇಳಿ. ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. ಅವರು ಹೇಳಿದ್ದನ್ನ ಕೆಳಗೆ ಬರೆದು ಹಾಕಿ, ಮುಂದಿನ ಕಂತಿನಲ್ಲಿ ಓದೋಣ.