ಕೊಹೀರಿನ ಜಾಂಬ, ಬ್ರೆಜಿಲಿನ ಕರಾವಳಿ ಮತ್ತು ನಮ್ಮ ತಾಟು



ಚಳಿಗಾಲದಲ್ಲಿ ಒಂದು ದಿನ ನಾವು ದಕ್ಷಿಣ ಅಮೆರಿಕದ ನಕ್ಷೆ ತೂಗುಹಾಕಿ ಬ್ರೆಜಿಲ್ ದೇಶದ ಪಾಠ ಮಾಡುತ್ತಿದ್ದೆವು. ಅಮೆಜಾನ್ ನದಿ, ಕಾಫಿ, ಕಬ್ಬು ಎಲ್ಲ ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು "ಸರ್, ಅಲ್ಲಿ ಮಂದಿ ಏನು ಉಣ್ಣತಾರ?" ಎಂದು ಕೇಳಿದ. ಕೇಳುವಾಗ ಅವನ ಕೈಯಲ್ಲಿ ಅರ್ಧ ಕಚ್ಚಿದ ಜಾಂಬಹಣ್ಣು ಇತ್ತು. ತರಗತಿಯಲ್ಲಿ ತಿನ್ನಬಾರದು ಎಂದು ಗದರಿಸಬೇಕಿತ್ತು, ಗದರಿಸಲಿಲ್ಲ. ಅವನ ಪ್ರಶ್ನೆಗೆ ಉತ್ತರ ಅವನ ಕೈಯಲ್ಲೇ ಇದೆಯಲ್ಲ ಎಂದು ನಮಗೆ ಅನಿಸಿಬಿಟ್ಟಿತು.

ಜಾಂಬ ಎಂದರೆ ಮೈಸೂರು ಕಡೆಯವರ ಸೀಬೆ, ಧಾರವಾಡದವರ ಪೇರಲ. ನಮ್ಮ ಮಕ್ಕಳಿಗೆ ಪುಸ್ತಕದ 'ಸೀಬೆ' ಎಂದರೆ ಯಾವುದೋ ಬೇರೆ ಹಣ್ಣು. "ಲೇ, ಅದು ನಿಮ್ಮ ಕೊಹೀರ್ ಜಾಂಬನೇ" ಎಂದರೆ ನಗುತ್ತಾರೆ. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತವರನ್ನು ಕೇಳಿ ನೋಡಿ, ಊರಿನ ಹೆಸರಿನಿಂದಲೇ ಹಣ್ಣು ಮಾರುತ್ತಾರೆ. ಸಂಗಾರೆಡ್ಡಿಯ ಹಣ್ಣಿನ ಸಂಶೋಧನಾ ಕೇಂದ್ರದವರು ನಮ್ಮ ಕೊಹೀರ್ ತಳಿಯನ್ನು ಅಲಹಾಬಾದ್ ಸಫೇದಾದ ಜೊತೆ ಕೂಡಿಸಿ 'ಕೊಹೀರ್ ಸಫೇದಾ', 'ಸಫೇದ್ ಜಾಮ್' ಎಂಬ ಎರಡು ತಳಿಗಳನ್ನು ಮಾಡಿದ್ದಾರೆ. ಇಲ್ಲಿಯ ಕೆಂಪು ಜಂಬಿಟ್ಟಿಗೆಯ ನೆಲಕ್ಕೆ ಈ ಗಿಡ ಅಷ್ಟು ಒಗ್ಗಿಕೊಂಡಿದೆ. ಆದರೆ ಜಾಂಬ ಈ ನೆಲದ್ದಲ್ಲ. ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ.

ಅದು ಇಲ್ಲಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ. 1500ನೇ ಇಸವಿ ಏಪ್ರಿಲ್ 22ರಂದು ಪೆದ್ರೊ ಆಲ್ವಾರಿಸ್ ಕಬ್ರಾಲ್ ಎಂಬ ಪೋರ್ಚುಗೀಸ್ ನಾವಿಕನಿಗೆ ಬ್ರೆಜಿಲಿನ ಕರಾವಳಿ ಕಂಡಿತು. ಅವನು ಹೊರಟಿದ್ದು ಅಲ್ಲಿಗಲ್ಲ, ನಮ್ಮ ಕಡೆಗೆ! ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನ ಹಡಗುಗಳು ಕಲ್ಲಿಕೋಟೆ ಮುಟ್ಟಿದವು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಆಮೇಲಿನ ವರ್ಷಗಳಲ್ಲಿ ಹಡಗುಗಳ ಜೊತೆ ಮೆಣಸಿನಕಾಯಿ, ಗೇರು, ಅನಾನಸ್, ಜಾಂಬ, ಪಪ್ಪಾಯಿ ಒಂದೊಂದಾಗಿ ಪಶ್ಚಿಮ ಕರಾವಳಿಯಲ್ಲಿ ಇಳಿದವು. ಘಟ್ಟ ಹತ್ತಿ, ಬಿಜಾಪುರ ಬೀದರಗಳ ಸಂತೆಗಳನ್ನು ದಾಟಿ ನಮ್ಮ ಹೊಲಗಳಿಗೂ ಬಂದವು. ಜೊತೆಗೆ ಮಾತೂ ಬಂತು. ನಮ್ಮ ಮಿಠಾಯಿ ಅಂಗಡಿಯಲ್ಲಿ 'ಕಾಜು' ಎನ್ನುತ್ತೇವಲ್ಲ, ಅದು ಬ್ರೆಜಿಲ್ ಕರಾವಳಿಯ ಟುಪಿ ಜನರ ಮಾತು. 'ಅನಾನಸ್' ಕೂಡ ಅವರದೇ.

ಹಾಗಾದರೆ ಅದಕ್ಕೆ ಮುಂಚೆ ನಮ್ಮ ಹಿರಿಯರು ಏನು ಉಣ್ಣುತ್ತಿದ್ದರು? ಈ ವಿಷಯದಲ್ಲಿ ನಾವು ಪುಣ್ಯವಂತರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡಿಗೆಯ ಒಂದು ಅಧ್ಯಾಯವೇ ಇದೆ, ಅದೂ ಕನ್ನಡದಲ್ಲಿ. ನೂರು ವರ್ಷದ ನಂತರ ಅದೇ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ಇಡ್ಲಿ, ದೋಸೆ, ವಡೆ, ಪೂರಿಗಳ ಹಳೆಯ ರೂಪಗಳಿವೆ. ಮೀನು, ಮಾಂಸದ ಅಡಿಗೆಯೂ ಇದೆ. ಈ ಎರಡೂ ಗ್ರಂಥಗಳಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿ. ಕೆಂಪು ಮೆಣಸಿನಕಾಯಿ ಇಲ್ಲ, ಆಲುಗಡ್ಡೆ ಇಲ್ಲ, ಟೊಮ್ಯಾಟೊ ಇಲ್ಲ, ಶೇಂಗಾ ಇಲ್ಲ. ಶೇಂಗಾಹಿಂಡಿ ಇಲ್ಲದ ರೊಟ್ಟಿಯನ್ನು ಚಾಲುಕ್ಯ ಚಕ್ರವರ್ತಿಯೂ ಉಂಡ ಎಂದರೆ ನಮ್ಮ ಮಕ್ಕಳಿಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ!

ರೊಟ್ಟಿಯ ಮಾತು ಬಂದಿದ್ದರಿಂದ ಹೇಳುತ್ತೇವೆ. ಜೋಳ ಕೂಡ ಆಫ್ರಿಕದ್ದು. ಇಂದಿನ ಸುಡಾನ್ ಕಡೆ ಮೊದಲು ಬೆಳೆದ ಧಾನ್ಯ. ಅಲಸಂದಿಯೂ ಆಫ್ರಿಕದ್ದೇ. ಆದರೆ ಅವು ಬಂದು ಮೂರೂವರೆ ಸಾವಿರ ವರ್ಷಕ್ಕೂ ಮೇಲಾಯಿತು, ಯಾರೂ ನೆನಪಿಟ್ಟಿಲ್ಲ.

ಈಗ ಬ್ರೆಜಿಲಿನ ಕರಾವಳಿಗೆ ಹೋಗೋಣ. ಅಲ್ಲಿಯ ಬಾಹಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ ಬಿಳಿ ಉಡುಪು, ಬಿಳಿ ರುಮಾಲು ಧರಿಸಿದ ಹೆಂಗಸರು ಬೀದಿ ಬದಿಯಲ್ಲಿ ಕುಳಿತು 'ಅಕರಜೆ' ಎಂಬ ತಿಂಡಿ ಮಾರುತ್ತಾರೆ. ಅಲಸಂದಿ ನೆನೆಸಿ, ಸಿಪ್ಪೆ ತೆಗೆದು, ಉಳ್ಳಾಗಡ್ಡಿ ಹಾಕಿ ರುಬ್ಬಿ, ಕೆಂಪು ತಾಳೆ ಎಣ್ಣೆಯಲ್ಲಿ ಕರಿಯುವುದು. ನಡುವೆ ಸೀಳಿ ಸೀಗಡಿ, ಖಾರದ ಗೊಜ್ಜು ತುಂಬುವುದು. ಅಂದರೆ ನಮ್ಮ ಅಲಸಂದಿ ವಡೆಯ ಅಕ್ಕನೇ! ಆದರೆ ಅದು ಅಲ್ಲಿಗೆ ಹೋದ ಕಥೆ ಸುಖದ್ದಲ್ಲ. ಪಶ್ಚಿಮ ಆಫ್ರಿಕದಿಂದ ಸರಪಳಿ ಹಾಕಿ ಒಯ್ದ ಗುಲಾಮರು ಆ ಅಡಿಗೆಯನ್ನು ನೆನಪಿನಲ್ಲಿ ಹೊತ್ತು ಒಯ್ದರು. 2005ರಲ್ಲಿ ಬ್ರೆಜಿಲ್ ಸರ್ಕಾರ ಈ ಹೆಂಗಸರ ಕಸುಬನ್ನು ರಾಷ್ಟ್ರೀಯ ಪರಂಪರೆ ಎಂದು ದಾಖಲಿಸಿತು.

ಅಲ್ಲಿಯ ಇನ್ನೊಂದು ಅಡಿಗೆ 'ಮೊಕೆಕಾ', ಮೀನಿನ ಸಾರು. ಬಾಹಿಯಾದವರು ಅದಕ್ಕೆ ತೆಂಗಿನ ಹಾಲು, ತಾಳೆ ಎಣ್ಣೆ ಹಾಕುತ್ತಾರೆ. ಕೆಳಗಿನ ಎಸ್ಪಿರಿತೊ ಸಾಂತೊ ರಾಜ್ಯದವರು ಎರಡನ್ನೂ ಹಾಕುವುದಿಲ್ಲ, ನಮ್ಮದೇ ಸರಿ ಎಂದು ಇಬ್ಬರೂ ವಾದ ಮಾಡುತ್ತಾರೆ. (ನಮ್ಮ ಕಡೆ ಭಜ್ಜಿಗೆ ಯಾವ ಕಾಳು ಹಾಕಬೇಕೆಂದು ಅತ್ತೆ ಸೊಸೆ ವಾದ ಮಾಡಿದ ಹಾಗೆ.) ಆ ಸಾರನ್ನು ಕುದಿಸುವ ಕರಿ ಮಣ್ಣಿನ ಗಡಿಗೆಗಳನ್ನು ವಿತೋರಿಯಾ ನಗರದ ಒಂದು ಕೇರಿಯ ಹೆಂಗಸರು ತಿಗುರಿ ಇಲ್ಲದೆ ಕೈಯಿಂದಲೇ ಮಾಡುತ್ತಾರೆ. 2002ರಲ್ಲಿ ಅವರ ಕಸುಬಿಗೂ ಆ ಮನ್ನಣೆ ಸಿಕ್ಕಿತು. ಕೇರಿಯ ಹೆಸರು 'ಗೊಯಾಬೈರಾಸ್'. ಪೋರ್ಚುಗೀಸಿನಲ್ಲಿ ಹಾಗೆಂದರೆ ಜಾಂಬದ ಗಿಡಗಳು! ಇದನ್ನು ಹೇಳಿದಾಗ ತರಗತಿಯೆಲ್ಲ ಆ ಹಿಂದಿನ ಬೆಂಚಿನ ಹುಡುಗನ ಕಡೆ ತಿರುಗಿ ನೋಡಿತು. ಅವರ ತೆಂಗು, ಮಾವು, ಹಲಸು ಏಷ್ಯಾದಿಂದ ಪೋರ್ಚುಗೀಸರೊಂದಿಗೇ ಹೋದದ್ದು. ಕೊಡುಕೊಳೆ ಒಂದೇ ಕಡೆಯದಲ್ಲ.

ನಮಗೆ ಎಲ್ಲಕ್ಕಿಂತ ಸೋಜಿಗವಾದದ್ದು ಇನ್ನೊಂದಿದೆ. ಮಹಾಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಬೀದರ, ಕಲಬುರಗಿ ಕಡೆಯಿಂದ ಭಕ್ತರು ಬರುತ್ತಾರೆ. ಉಪವಾಸ ಇರುವವರು ಸಾಬೂದಾನಿ ಖಿಚಡಿ ತಿನ್ನುತ್ತಾರೆ. ಅನ್ನ, ರೊಟ್ಟಿ ಮುಟ್ಟುವ ಹಾಗಿಲ್ಲ. ಈ ಖಿಚಡಿಯಲ್ಲಿ ಏನಿದೆ? ಸಾಬೂದಾನಿ ಆಗುವುದು ಮರಗೆಣಸಿನಿಂದ. ಅದು ಬ್ರೆಜಿಲಿನ ಮೂಲನಿವಾಸಿಗಳ ಗಡ್ಡೆ, ಕರಾವಳಿಯಲ್ಲಿ ಇವತ್ತಿಗೂ ಅದರ ಹಿಟ್ಟಿಲ್ಲದೆ ಊಟವಿಲ್ಲ. ನಮಗೆ ಬರುವುದು ಹೆಚ್ಚಾಗಿ ತಮಿಳುನಾಡಿನ ಸೇಲಂ ಕಡೆಯಿಂದ. ಇನ್ನು ಶೇಂಗಾ, ಆಲುಗಡ್ಡೆ, ಮೆಣಸಿನಕಾಯಿ. ನಾಲ್ಕೂ ಅಮೆರಿಕದವು! ಹಳೆಯ ಊಟವೆಂದರೆ ಜೀರಿಗೆ ಒಂದೇ. ನಮ್ಮ ಅತ್ಯಂತ ಮಡಿಯ ಊಟ ನಮ್ಮ ತಾಟಿನಲ್ಲೇ ಅತ್ಯಂತ ಹೊಸದು. ಇದನ್ನು ನಮ್ಮ ತಾಯಿಯವರ ಮುಂದೆ ಹೇಳಿದಾಗ, "ದೇವರು ಎಲ್ಲಾ ಊರಾಗೂ ಇರತಾನ, ಸುಮ್ಮ ತಿನ್ನು" ಎಂದರು.

ದೂರದವರು ನಮ್ಮ ಕಡೆ ಊಟಕ್ಕೆ ಬರುವುದಾದರೆ ಎಳ್ಳಮಾಸಿಗೆ ಬರಬೇಕು. ಮಾರ್ಗಶಿರದ ಅಮಾವಾಸ್ಯೆ ದಿನ ಕೊಹೀರ್, ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಹಳ್ಳಿಗಳಲ್ಲಿ ಕನ್ನಡದ ಮನೆ, ತೆಲುಗಿನ ಮನೆ ಎಂಬ ಭೇದವಿಲ್ಲದೆ ಒಕ್ಕಲಿಗರೆಲ್ಲ ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲು ಇಟ್ಟು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿ ಊಟಕ್ಕೆ ಕೂಡುತ್ತಾರೆ. ಸಜ್ಜಿರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಭಜ್ಜಿ ಎಂದರೆ ಇಲ್ಲಿ ಕರಿದದ್ದಲ್ಲ. ಹಸಿ ಕಡಲೆ, ಅವರೆ, ತೊಗರಿ, ಮೆಂತ್ಯ, ಬದನೆ, ಹುಣಸೆ ಹೀಗೆ ಹೊಲದಲ್ಲಿ ಇದ್ದದ್ದನ್ನೆಲ್ಲ ಹಾಕಿ ಕಡಲೆಹಿಟ್ಟಿನಲ್ಲಿ ಕುದಿಸಿದ್ದು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ಹಸಿಕಾಯಿಯ ರುಚಿ ಯಾವ ಸರ್ಟಿಫಿಕೇಟಿಗೂ ಸಿಗುವುದಿಲ್ಲ. ಹೊಲದ ಹಾದಿಯಲ್ಲಿ ಹೋಗುವ ಅಪರಿಚಿತನನ್ನೂ ಕರೆದು ಕೂಡಿಸುವುದು ಆ ದಿನದ ರೀತಿ.

ಉಣ್ಣುವ ಪದ್ಧತಿಯನ್ನೂ ಹೇಳಬೇಕು. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು. ರೊಟ್ಟಿ ಎರಡು ಹಾಕಿಸಿಕೊಂಡರೆ ಮನೆಯವರಿಗೆ ಸಿಟ್ಟು. ಉಳ್ಳಾಗಡ್ಡಿಯನ್ನು ಕೊಯ್ಯಬಾರದು, ಮುಷ್ಟಿಯಿಂದ ಗುದ್ದಬೇಕು. ಲಿಂಗಾಯತ ಹಿರಿಯರು ಉಂಡ ತಾಟನ್ನು ನೀರು ಹಾಕಿ ತೊಳೆದು ಕುಡಿಯುವುದನ್ನು ನೀವು ನೋಡಬಹುದು, ಪ್ರಸಾದ ಕೆಡಬಾರದೆಂದು. ಮೊಹರಮ್ಮಿಗೆ ಮಾಲೀದಾ, ಚೊಂಗೆ ಎಲ್ಲ ಕೇರಿಗೂ ಬರುತ್ತವೆ. ಆದರೆ ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಉಂಡ ಕಥೆ ಹೇಳುವ ಇದೇ ನಾಡಿನಲ್ಲಿ, ಕೆಲವು ಕೇರಿಯವರಿಗೆ ಚಹಾದ ಲೋಟ ಬೇರೆ ಇಡುತ್ತಿದ್ದುದನ್ನು ನಾವು ಹುಡುಗರಿದ್ದಾಗ ಕಣ್ಣಾರೆ ಕಂಡಿದ್ದೇವೆ. ಇತಿಹಾಸ ಬರೆಯಲು ಕುಳಿತು ಅದನ್ನು ಬಿಟ್ಟರೆ ಮಕ್ಕಳಿಗೆ ಸುಳ್ಳು ಹೇಳಿದಂತೆ. ಶಾಲೆಯ ಮಧ್ಯಾಹ್ನದ ಬಿಸಿಯೂಟದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂಡುತ್ತಾರೆ. 2003ರಿಂದ ನಡೆದುಬಂದ ಈ ಪಂಕ್ತಿಯನ್ನು ನೋಡುವಾಗ ನಮಗೆ ಸಂತೋಷವಾಗುತ್ತದೆ.

ಆದರೆ ಆ ತಾಟಿನಲ್ಲಿ ಇರುವುದು ಅನ್ನ. ನಮ್ಮ ತಂದೆಯವರ ಕಾಲದಲ್ಲಿ ಅನ್ನ ಹಬ್ಬದ ಊಟವಾಗಿತ್ತು. 1983ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಟ್ಟಿತು. ಹಸಿದವರ ಹೊಟ್ಟೆ ತುಂಬಿತು, ಅದನ್ನು ಹಗುರವಾಗಿ ಮಾತಾಡಬಾರದು. ಹಾಗೆಯೇ ಬಡವರ ಹೊಲದ ಜೋಳ, ನವಣೆ, ಸಾಮೆ ಹಿಂದೆ ಸರಿದವು. ಪಸ್ತಾಪುರದಲ್ಲಿ 1983ರಲ್ಲೇ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ಬೀಳುಬಿದ್ದ ಹೊಲಗಳಲ್ಲಿ ಸಿರಿಧಾನ್ಯ ಬಿತ್ತಿ, ಬೀಜ ಉಳಿಸಿ, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದರು. ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಮೈಸೂರಿನವರು. ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾದ 2023ರಲ್ಲೇ ಅವರು ತೀರಿಕೊಂಡರು.

ಕೊನೆಗೆ ಒಂದು ಮಾತು. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯ ಬಿಟ್ಟು ಜಹೀರಾಬಾದ್ ತಾಲೂಕು, ನ್ಯಾಲಕಲ್ ವಲಯ, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಇವೆಲ್ಲ ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ನಾವು ಸಂಗಾರೆಡ್ಡಿ ಜಿಲ್ಲೆಯವರಾದೆವು. ಮನೆ ಬದಲಿಸಲಿಲ್ಲ, ವಿಳಾಸ ಮಾತ್ರ ಬದಲಾಯಿತು. ಒಮ್ಮೆ ಒಂದು ಕಚೇರಿಯಲ್ಲಿ ಪುಸ್ತಕದ ವಿಷಯ ಕೇಳಲು ಹೋದಾಗ "ಕನ್ನಡ ಹೊರಗಿನ ಭಾಷೆಯಲ್ಲವೇ, ಇಲ್ಲಿ ಯಾಕೆ?" ಎಂದು ಒಬ್ಬರು ಕೇಳಿದರು. ಕರ್ನಾಟಕಕ್ಕೆ ಹೋದರೆ "ನೀವು ಆಂಧ್ರದವರು" ಎನ್ನುತ್ತಾರೆ. ಆ ದಿನ ಕಚೇರಿಯಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ, ಸುಮ್ಮನೆ ಬಂದೆವು. ಅವರ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಕೊಯ್ದ ಕೊಹೀರ್ ಜಾಂಬ ಇತ್ತು, ಉಪ್ಪು ಖಾರ ಹಚ್ಚಿದ್ದು. ಒಂದು ಹೋಳು ನಮಗೂ ಕೊಟ್ಟರು. ತಿಂದೆವು, ರುಚಿಯಾಗಿತ್ತು.