ಹಗ್ಗದ ಮೇಲಿನ ಮಂತ್ರಿಗಳು

ನನ್ನಲ್ಲಿ ಇಂಗ್ಲಿಷ್ ಓದಿದ ನಿಮಗೆಲ್ಲ ಗಲಿವರನ ನೆನಪು ಇದ್ದೇ ಇರುತ್ತದೆ. ತೆಳ್ಳನೆಯ ಉಪಪಠ್ಯ, ಮುಖಪುಟದಲ್ಲಿ ನೆಲಕ್ಕೆ ಬಿಗಿದು ಕಟ್ಟಿದ ದೈತ್ಯ, ಅವನ ಮೈಮೇಲೆ ಓಡಾಡುವ ಆರಂಗುಲದ ಜನ. ನೀವು ನಕ್ಕಿರಿ, ನಾನೂ ನಕ್ಕೆ. ಐದು ಅಂಕದ ಪ್ರಶ್ನೆಗೆ ಉತ್ತರ ಬರೆಸಿ ಮುಂದಿನ ಪಾಠಕ್ಕೆ ಹೋದೆ. ಆ ಪಾಠದ ಒಂದು ಭಾಗವನ್ನು ನಾನು ನಿಮಗೆ ಹೇಳದೆ ಉಳಿಸಿಕೊಂಡಿದ್ದೆ. ಆ ಬಾಕಿಯನ್ನು ಇಂದು ತೀರಿಸುತ್ತಿದ್ದೇನೆ.

ಶಾಲೆಯಲ್ಲಿ ನಾನೂ ಇಂಥದೇ ಸಂಗ್ರಹವನ್ನು ಓದಿದವನು. ಜೋನಾಥನ್ ಸ್ವಿಫ್ಟನ ಪೂರ್ಣಕೃತಿ ಕೈಗೆ ಸಿಕ್ಕಿದ್ದು ಬಿ.ಎ. ತರಗತಿಯಲ್ಲಿ, 1975ರ ಮಳೆಗಾಲದಲ್ಲಿ. ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಗೆ ಬಂದಿತ್ತು. ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿಯಾಗಿಯೇ ಬಿಟ್ಟು ಪ್ರಕಟವಾಯಿತು. ಆಮೇಲೆ ಅಂಥ ಖಾಲಿ ಜಾಗವೂ ಕಾಣದಾಯಿತು. ವಾಚನಾಲಯದಲ್ಲಿ ಪತ್ರಿಕೆಗಳಿದ್ದವು, ಓದುವಂಥದ್ದು ಮಾತ್ರ ಇರಲಿಲ್ಲ. ಬೇಸರದಿಂದ ಕಪಾಟಿನ ಕೆಳಸಾಲಿಗೆ ಕೈಹಾಕಿದಾಗ ಸಿಕ್ಕಿದವನು ಗಲಿವರ್. ಮಕ್ಕಳ ಕಥೆಯೆಂದು ಅದನ್ನು ಯಾರೂ ತೆಗೆದಿರಿಸಿರಲಿಲ್ಲ.

ಮೊದಲ ಭಾಗದ ಮೂರನೆಯ ಅಧ್ಯಾಯ ನನ್ನನ್ನು ಹಿಡಿದು ಕೂರಿಸಿತು. ಲಿಲಿಪುಟ್ ಸಾಮ್ರಾಜ್ಯದಲ್ಲಿ ದೊಡ್ಡ ಹುದ್ದೆಯೊಂದು ತೆರವಾದರೆ, ಆಕಾಂಕ್ಷಿಗಳು ನೆಲದಿಂದ 12 ಅಂಗುಲ ಎತ್ತರದಲ್ಲಿ ಬಿಗಿದ ತೆಳು ದಾರದ ಮೇಲೆ ಕುಣಿಯಬೇಕು. ಬೀಳದೆ ಅತಿ ಎತ್ತರಕ್ಕೆ ನೆಗೆದವನಿಗೆ ಹುದ್ದೆ. ಹುದ್ದೆಯಲ್ಲಿರುವ ಮಂತ್ರಿಗಳೂ ಆಗಾಗ ಕುಣಿದು, ತಮ್ಮ ಕಸುವು ಕುಂದಿಲ್ಲವೆಂದು ದೊರೆಗೆ ತೋರಿಸಬೇಕು. ಖಜಾಂಚಿ ಫ್ಲಿಮ್‌ನ್ಯಾಪ್ ಎಲ್ಲರಿಗಿಂತ ಒಂದಂಗುಲ ಹೆಚ್ಚು ಎತ್ತರಕ್ಕೆ ಹಾರಬಲ್ಲವನು. ಅವನೂ ಒಮ್ಮೆ ಬಿದ್ದು ಕತ್ತು ಮುರಿದುಕೊಳ್ಳುತ್ತಿದ್ದ. ನೆಲದ ಮೇಲೆ ಅಕಸ್ಮಾತ್ತಾಗಿ ಬಿದ್ದಿದ್ದ ರಾಜನ ಮೆತ್ತೆಯೊಂದು ಅವನನ್ನು ಉಳಿಸಿತು.

ಪುಸ್ತಕದ ಕೊನೆಯ ಟಿಪ್ಪಣಿಗಳನ್ನು ಓದಿದಾಗಲೇ ನನಗೆ ವಿಷಯ ತಿಳಿದದ್ದು. ಫ್ಲಿಮ್‌ನ್ಯಾಪ್ ಎಂದರೆ 1721ರಿಂದ 1742ರವರೆಗೆ ಬ್ರಿಟನ್ನಿನ ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ರಾಬರ್ಟ್ ವಾಲ್ಪೋಲ್. ಮೆತ್ತೆಯೆಂದರೆ ಒಂದನೆಯ ಜಾರ್ಜ್ ದೊರೆಯ ಪ್ರೇಯಸಿ, ಕೆಂಡಾಲಿನ ಡಚೆಸ್, ಎಂದು ವಿದ್ವಾಂಸರ ಅಭಿಪ್ರಾಯ. ಎತ್ತರದ ಹಿಮ್ಮಡಿಯವರು, ಗಿಡ್ಡ ಹಿಮ್ಮಡಿಯವರು ಎಂಬ ಎರಡು ಪಕ್ಷಗಳು ಟೋರಿ ಮತ್ತು ವಿಗ್ ಪಕ್ಷಗಳು. ಎರಡೂ ಬಗೆಯ ಹಿಮ್ಮಡಿ ತೊಟ್ಟು ಕುಂಟುವ ಯುವರಾಜನ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. ಅಂಥವರನ್ನು ನೀವೂ ಕಂಡಿದ್ದೀರಿ.

ಸ್ವಿಫ್ಟ್ ಇದನ್ನು ಬರೆದದ್ದು ಸುರಕ್ಷಿತ ಜಾಗದಲ್ಲಿ ಕುಳಿತಲ್ಲ. ಆತ ಡಬ್ಲಿನ್ನಿನ ಸಂತ ಪ್ಯಾಟ್ರಿಕ್ ಕೆಥೆಡ್ರಲಿನ ಡೀನ್. 1722ರಲ್ಲಿ ಐರ್ಲೆಂಡಿಗೆ ತಾಮ್ರದ ನಾಣ್ಯ ಟಂಕಿಸುವ ಹಕ್ಕು ವಿಲಿಯಂ ವುಡ್ ಎಂಬ ಇಂಗ್ಲಿಷ್ ವ್ಯಾಪಾರಿಯ ಪಾಲಾಯಿತು. ಆತ ಅದನ್ನು 10,000 ಪೌಂಡು ತೆತ್ತು ಕೊಂಡದ್ದು ಅದೇ ಡಚೆಸ್‌ಳಿಂದ. ಈ ನಾಣ್ಯ ಬಂದರೆ ದೇಶದ ಬೆಳ್ಳಿ-ಬಂಗಾರ ಬರಿದಾಗುವುದೆಂದು ಐರ್ಲೆಂಡಿನ ಜನ ಹೆದರಿದರು. 1724ರಲ್ಲಿ ಸ್ವಿಫ್ಟ್ ಒಬ್ಬ ಜವಳಿ ವ್ಯಾಪಾರಿಯ ಸೋಗಿನಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದ. ನಾಲ್ಕನೆಯ ಪತ್ರ ಬರೆದವನನ್ನು ಹಿಡಿದುಕೊಟ್ಟವರಿಗೆ ಸರ್ಕಾರ 300 ಪೌಂಡು ಬಹುಮಾನ ಸಾರಿತು. ಬರೆದವನು ಯಾರೆಂದು ಡಬ್ಲಿನ್ನಿಗೆಲ್ಲ ಗೊತ್ತಿತ್ತು. ಬಹುಮಾನ ಕೇಳಲು ಒಬ್ಬನೂ ಹೋಗಲಿಲ್ಲ. 1725ರಲ್ಲಿ ಸರ್ಕಾರ ಆ ಪರವಾನಗಿಯನ್ನು ಹಿಂತೆಗೆದುಕೊಂಡಿತು. ಆದರೆ ಪತ್ರಗಳನ್ನು ಅಚ್ಚು ಹಾಕಿದ ಜಾನ್ ಹಾರ್ಡಿಂಗ್ ಸೆರೆಮನೆ ಕಂಡು, ಅದೇ ವರ್ಷ ತೀರಿಕೊಂಡ. ಬರೆದವನನ್ನು ಊರು ಕಾಪಾಡಿತು. ಮೊಳೆ ಜೋಡಿಸಿದವನಿಗೆ ಆ ಭಾಗ್ಯವಿರಲಿಲ್ಲ.

ಲಂಡನ್ನಿನ ಪ್ರಕಾಶಕ ಬೆಂಜಮಿನ್ ಮೊಟ್ಟೆ ಹೆದರಿದ್ದರಲ್ಲಿ ಆಶ್ಚರ್ಯವೇನು? ಗಲಿವರನ ಹಸ್ತಪ್ರತಿ ಅವನ ಮನೆಗೆ ಬಂದದ್ದೇ ಕತ್ತಲಲ್ಲಿ, ಬಾಡಿಗೆ ಗಾಡಿಯೊಂದರಿಂದ. 1726ರ ಅಕ್ಟೋಬರ್ 28ರಂದು ಪುಸ್ತಕ ಹೊರಬಂತು. ಅದರಲ್ಲಿ ಸ್ವಿಫ್ಟನ ಹೆಸರಿರಲಿಲ್ಲ. ಮೊದಲ ಮುದ್ರಣ ವಾರದೊಳಗೆ ಮುಗಿಯಿತು. ಆದರೆ ಮೊಟ್ಟೆ ಹಲವು ಕಡೆ ಮಾತನ್ನು ತಿದ್ದಿಸಿದ್ದ. ಅದೇ ಮೂರನೆಯ ಅಧ್ಯಾಯದಲ್ಲಿ ದೊರೆ ಹಿಡಿದ ಕೋಲನ್ನು ಹಾರುವವರಿಗೆ, ಅದರಡಿ ತೆವಳುವವರಿಗೆ ರೇಷ್ಮೆದಾರದ ಬಹುಮಾನ ಕೊಡುವ ಪ್ರಸಂಗವಿದೆ. ಸ್ವಿಫ್ಟ್ ಬರೆದ ಬಣ್ಣಗಳು ನೀಲಿ, ಕೆಂಪು, ಹಸಿರು. ಅವು ಗಾರ್ಟರ್, ಬಾತ್, ಥಿಸಲ್ ಎಂಬ ರಾಜಪದವಿಗಳ ಪಟ್ಟಿಯ ಬಣ್ಣಗಳು. ವಾಲ್ಪೋಲನಿಗೆ 1725ರಲ್ಲಿ ಬಾತ್, 1726ರಲ್ಲಿ ಗಾರ್ಟರ್ ಪದವಿ ದೊರೆತಿದ್ದವು. ಅಚ್ಚಿನಲ್ಲಿ ಅವು ನೇರಳೆ, ಹಳದಿ, ಬಿಳಿಯಾದವು! ನಿಜವಾದ ಬಣ್ಣಗಳು ಮರಳಿದ್ದು 1735ರ ಡಬ್ಲಿನ್ ಮುದ್ರಣದಲ್ಲಿ.

ಆ ಮುದ್ರಣದಲ್ಲೂ ಸೇರದೆ ಉಳಿದ ಒಂದು ಪ್ರಸಂಗ ಮೂರನೆಯ ಭಾಗದಲ್ಲಿದೆ. ಆಕಾಶದಲ್ಲಿ ತೇಲುವ ದ್ವೀಪದಲ್ಲಿ ಕುಳಿತ ದೊರೆ ದಂಗೆಯೆದ್ದ ಊರುಗಳ ಮೇಲೆ ದ್ವೀಪವನ್ನೇ ಇಳಿಸಿ ಅವನ್ನು ಜಜ್ಜಿಹಾಕಬಲ್ಲ. ಲಿಂಡಲಿನೋ ಎಂಬ ನಗರದವರು ನಾಲ್ಕು ಗೋಪುರ ಕಟ್ಟಿ, ಅವುಗಳ ನೆತ್ತಿಯಲ್ಲಿ ಅಯಸ್ಕಾಂತಗಳನ್ನಿಟ್ಟು ದ್ವೀಪವನ್ನು ಸೆಳೆಯುತ್ತಾರೆ; ಹೆದರಿದ ದೊರೆ ಅವರ ಷರತ್ತಿಗೆ ಒಪ್ಪುತ್ತಾನೆ. ಆ ಹೆಸರಿನಲ್ಲಿ 'ಲಿನ್' ಎರಡು ಸಲ ಬರುತ್ತದೆ. ಇಮ್ಮಡಿ 'ಲಿನ್', ಅಂದರೆ ಡಬ್ಲಿನ್. ಸ್ವಿಫ್ಟನ ಗೆಳೆಯ ಚಾರ್ಲ್ಸ್ ಫೋರ್ಡ್ ತನ್ನ ಪ್ರತಿಯಲ್ಲಿ ಕೈಬರಹದಲ್ಲಿ ಉಳಿಸಿದ್ದ ಈ ಪ್ರಸಂಗ ಅಚ್ಚಾದದ್ದು 1899ರಲ್ಲಿ.

ಇನ್ನು ನನ್ನ ಮಾತು. ಅನೇಕ ವರ್ಷಗಳ ಹಿಂದೆ, ಕಿಟಕಿಯ ಪಕ್ಕದ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ್, ಮಂತ್ರಿಗಳು ಹಗ್ಗದ ಮೇಲೆ ಯಾಕೆ ಕುಣಿಯಬೇಕು?" ಎಂದು ಕೇಳಿದ. ಆ ವಾರ ಹೊಸ ಕೊಠಡಿಯ ಶಂಕುಸ್ಥಾಪನೆಗೆ ಸಚಿವರೊಬ್ಬರು ಬರುವವರಿದ್ದರು. ಹೊರಗೆ ತೋರಣ ಕಟ್ಟುತ್ತಿದ್ದರು. "ಅದು ಕಥೆ, ಕೂತ್ಕೋ" ಎಂದೆ. ನನ್ನನ್ನು ಯಾರೂ ತಡೆದಿರಲಿಲ್ಲ. ನನ್ನ ತಲೆಗೆ ಯಾರೂ ಬಹುಮಾನ ಸಾರಿರಲಿಲ್ಲ. ಹಾರ್ಡಿಂಗನಂತೆ ಸೆರೆಮನೆಗೆ ಹೋಗುವ ಭಯವಂತೂ ಇರಲೇ ಇಲ್ಲ. ಆದರೂ ಮೊಟ್ಟೆಯ ಹಾಗೆ ಬಣ್ಣ ಬದಲಿಸಿ ಕೊಟ್ಟೆ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ, ಅಪ್ಪಾ, ಇಷ್ಟು ತಡವಾದುದಕ್ಕೆ ಕ್ಷಮೆಯಿರಲಿ. ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಸಂಗ್ರಹವನ್ನು ಬಿಟ್ಟು ಪೂರ್ಣಕೃತಿಯನ್ನೇ ತೆಗೆದುಕೋ. ಕೊಳ್ಳುವ ಮೊದಲು ಮೂರನೆಯ ಭಾಗದಲ್ಲಿ ಲಿಂಡಲಿನೋ ಇದೆಯೇ ಎಂದು ನೋಡಿಕೋ.